ಯಾರಿಗೂ ಬೇಡದ ನಿವೇಶನವನ್ನು ನಗರಾಡಳಿತಕ್ಕೆ ಒಪ್ಪಿಸಿದ ಬಗೆ

ಪುಕ್ಕಟೆಯಾಗಿ ಕೊಟ್ಟರೆ ಯಾರು ತಾನೇ ಬೇಡ ಎನ್ನುತ್ತಾರೆ ಎಂದು ನೆಂಟರೆಲ್ಲ ಧೈರ್ಯ ಹೇಳುತ್ತಾರೆ. ಸ್ಥಳೀಯ ಆಡಳಿತ ಬೇಡ ಎನ್ನುತ್ತದೆ. ಖಾಲಿ ಜಾಗ ಖಾಸಗಿಯವರ ಹೆಸರಿನಲ್ಲಿರುವ ತನಕ ಅದಕ್ಕೆ ತೆರಿಗೆ ಬರುತ್ತದೆ. ತನ್ನ ಹೆಸರಿಗೆ ಬಂದ ದಿನದಿಂದ ತೆರಿಗೆ ನಿಂತು, ಗಿಡಗಂಟಿ ಸವರುವ, ಕಸ ಎತ್ತಿಸುವ, ಒತ್ತುವರಿಯಾಗದಂತೆ ಕಾಯುವ ಖರ್ಚು ಗಂಟುಬೀಳುತ್ತದೆ. ಹಿರಿಯರಿಂದ ಬಂದ, ನಮ್ಮಲ್ಲಿ ಯಾರಿಗೂ ಬೇಡವಾಗಿದ್ದ ಚಿಕ್ಕ ನಿವೇಶನವನ್ನು ಒಪ್ಪಿಸಲು ಹೊರಟಾಗ ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡೇ ಹೆಜ್ಜೆ ಇಟ್ಟೆ.

ಮೊದಲು ಜಪಾನಿನ ಒಂದು ಕಾನೂನನ್ನು ಓದಿಕೊಂಡೆ. ವಾರಸಿನಿಂದ ಬಂದ ಬೇಡದ ಜಮೀನನ್ನು ಸರ್ಕಾರಕ್ಕೆ ಬಿಟ್ಟುಕೊಡಲು ಅಲ್ಲಿ 2023ರ ಏಪ್ರಿಲ್‌ನಿಂದ ಅವಕಾಶವಿದೆ. ಆದರೆ ಕೈಯಿಂದ ದುಡ್ಡು ಕೊಟ್ಟು ಬಿಡಬೇಕು! ಪರಿಶೀಲನೆಗೆ ಪ್ರತಿ ನಿವೇಶನಕ್ಕೆ 14,000 ಯೆನ್. ಅರ್ಜಿ ತಿರಸ್ಕೃತವಾದರೂ ಅದು ವಾಪಸಿಲ್ಲ. ಒಪ್ಪಿಗೆ ಸಿಕ್ಕರೆ ಹತ್ತು ವರ್ಷದ ನಿರ್ವಹಣೆಯ ಬಾಬ್ತು ಸಾಮಾನ್ಯವಾಗಿ 2 ಲಕ್ಷ ಯೆನ್. ಕಟ್ಟಡ, ಅಡಮಾನ, ಗಡಿ ತಕರಾರು, ಕಲುಷಿತ ಮಣ್ಣು ಇದ್ದರೆ, ಪರರು ದಾರಿಯಾಗಿ ಬಳಸುತ್ತಿದ್ದರೆ ಅರ್ಜಿ ನಿಲ್ಲುವುದಿಲ್ಲ. ಆ ಕಾನೂನು ನನಗೆ ಅನ್ವಯಿಸುವುದಿಲ್ಲ. ಆದರೂ ಯಾವುದೇ ಆಡಳಿತ ಅಂಜುವ ಸಂಗತಿಗಳೆಲ್ಲ ಅದರಲ್ಲಿ ಒಂದೇ ಕಡೆ ಸಿಕ್ಕವು. ನನ್ನ ಜಾಗವನ್ನು ಅದೇ ಒರೆಗೆ ಹಚ್ಚಿದೆ.

ಹಕ್ಕುಪತ್ರದ ಕೆಲಸವೇ ಹೆಚ್ಚು ಸತಾಯಿಸಿತು. ವರ್ಷಗಟ್ಟಲೆ ತೆರಿಗೆಗೆ ಒಂದು ಕಾಸೂ ಬಿಚ್ಚದ ಪಾಲುದಾರರಿಗೆ ಸಹಿ ಕೇಳಿದ ಕೂಡಲೇ ಜಾಗದ ಮೇಲೆ ಎಲ್ಲಿಲ್ಲದ ಮಮತೆ ಉಕ್ಕುತ್ತದೆ. ಎಲ್ಲರ ಒಪ್ಪಿಗೆಯೂ ಬರಹದಲ್ಲಿ ಕೈಸೇರುವ ತನಕ ನಾನು ಕಚೇರಿಯ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಅಳತೆ. ಮೂರು ಮೂಲೆಯ ಕಲ್ಲುಗಳು ಕಣ್ಣಿಗೇ ಬಿದ್ದವು. ನಾಲ್ಕನೆಯದರ ಮೇಲೆ ಯಾರೋ ಮನೆ ಕೆಡವಿದ ಇಟ್ಟಿಗೆ, ಹೆಂಚಿನ ಚೂರುಗಳನ್ನು ಸುರಿದಿದ್ದರು. ಅದನ್ನೆಲ್ಲ ಎತ್ತಿಸಿ, ಕಲ್ಲಿಗೆ ಬಣ್ಣ ಬಳಿಸಿ, ಫೋಟೊ ತೆಗೆಸಿದೆ. ಪಕ್ಕದ ಮನೆಯ ಹಿತ್ತಿಲ ಬಾಗಿಲು ನಮ್ಮ ಜಾಗಕ್ಕೇ ತೆರೆದುಕೊಳ್ಳುತ್ತಿತ್ತು. ನೀವೇ ತೆಗೆದುಕೊಳ್ಳಿ ಎಂದರೆ ಅವರು ಒಲ್ಲೆ ಎಂದರು. ಓಡಾಟ ನಮ್ಮ ಅನುಮತಿಯಿಂದ ನಡೆಯುತ್ತಿದೆಯೇ ಹೊರತು ಹಕ್ಕಿನಿಂದಲ್ಲ ಎಂದು ಬರೆದುಕೊಟ್ಟರು. ಆ ಒಂದು ಹಾಳೆಯ ಬೆಲೆ ಆಮೇಲೆ ತಿಳಿಯಿತು. ಕಾನೂನು ಅಧಿಕಾರಿ ಮೊದಲು ಕೇಳಿದ್ದೇ ಅದನ್ನು.

ಅಮೆರಿಕದ ಸೇಂಟ್ ಲೂಯಿಸ್‌ನಂಥ ನಗರದಲ್ಲಿ ಇಂಥ ಜಾಗಗಳಿಗೆಂದೇ 1971ರಿಂದ ಪ್ರತ್ಯೇಕ ಸಂಸ್ಥೆಯಿದೆ. ಅಂಥದ್ದು ಇಲ್ಲದ ಕಡೆ, ಜಾಗ ಯಾವ ಶಾಖೆಗೆ ಬೇಕಾಗಬಹುದು ಎಂದು ನಾವೇ ಹುಡುಕಬೇಕು. ಆಸ್ತಿ ಶಾಖೆಯ ಗುಮಾಸ್ತರು, "ಇದನ್ನು ಇಟ್ಟುಕೊಂಡು ನಾವೇನು ಮಾಡಲಿ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ನಿವೇಶನ ತಗ್ಗಿನಲ್ಲಿತ್ತು. ರಸ್ತೆಬದಿಯ ಚರಂಡಿ ಅದರ ಅಂಚಿಗೆ ಬಂದು ನಿಂತು ಮಳೆ ಬಂದಾಗ ಉಕ್ಕಿ ಹರಿಯುತ್ತಿತ್ತು. ಮನೆ ಕಟ್ಟುವವರಿಗೆ ಅದು ದೋಷ, ಚರಂಡಿ ನೋಡಿಕೊಳ್ಳುವವರಿಗೆ ಅದೇ ಅನುಕೂಲ. ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂಬ ನಕ್ಷೆ ಹಿಡಿದು ಎಂಜಿನಿಯರಿಂಗ್ ಶಾಖೆಗೆ ಹೋದೆ. ಮಳೆನೀರು ಇಂಗಿಸಲು ಜಾಗ ಬೇಕು ಎಂಬ ಟಿಪ್ಪಣಿ ಅಲ್ಲಿಂದಲೇ ಹೊರಟಿತು. ಆಮೇಲೆ ಕಡತ ತಾನಾಗಿ ಚಲಿಸಿತು.

ಅಜ್ಜನ ಹೆಸರಿನ ಫಲಕ ಹಾಕಬೇಕು, ಉದ್ಯಾನವನ್ನೇ ಮಾಡಬೇಕು ಎಂಬ ಷರತ್ತುಗಳನ್ನು ಮನೆಯವರು ಸೇರಿಸಿದ್ದರು. ಎರಡನ್ನೂ ಹೊಡೆದುಹಾಕಿದೆ. ಬೇಡದ ವಸ್ತುವಿಗೆ ಷರತ್ತು ಬೇರೆ ಕೇಡು! ದಾನಪತ್ರವನ್ನು ಮಾತ್ರ ನಗರಾಡಳಿತದ ಸಭೆ ಜಾಗದ ಸ್ವೀಕಾರದ ನಿರ್ಣಯ ಮಾಡುವ ತನಕ ನೋಂದಾಯಿಸಲಿಲ್ಲ. ಸ್ವಾಧೀನ ಪತ್ರ ಕೈಗೆ ಬರುವವರೆಗೂ ಕಳೆ ತೆಗೆಸುವುದು, ತೆರಿಗೆ ಕಟ್ಟುವುದು ನನ್ನ ಪಾಲಿನದೇ ಆಗಿತ್ತು; ಅಲ್ಲಿ ಯಾರಾದರೂ ಬಿದ್ದು ಕೈಕಾಲು ಮುರಿದುಕೊಂಡಿದ್ದರೆ ಹೊಣೆಯೂ ನನ್ನದೇ.

ಮರುವರ್ಷವೂ ತೆರಿಗೆಯ ಬಿಲ್ಲು ನನ್ನ ಹೆಸರಿಗೇ ಬಂತು. ನಿರ್ಣಯದ ದೃಢೀಕೃತ ಪ್ರತಿ ಲಗತ್ತಿಸಿ ಕಂದಾಯ ಶಾಖೆಗೆ ಬರೆದ ಮೇಲೆ ಹೆಸರು ತೆಗೆದರು. ಆ ಪ್ರತಿಯನ್ನು ಸಭೆ ಮುಗಿದ ವಾರವೇ ಕೇಳಿ ಪಡೆದುಕೊಳ್ಳಿ.