ಗುಂಟೆ ಹಿಡಿದು ವಿಸ್ತೀರ್ಣ ಕಲಿಸುವುದು: ನಮ್ಮ ಅನುಭವ

ಮಂಡ್ಯ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಏಳರಿಂದ ಒಂಬತ್ತನೇ ತರಗತಿಯ ಮಕ್ಕಳಿಗೂ, ಕ್ಲಸ್ಟರ್ ಸಮಾಲೋಚನಾ ಸಭೆಗೆ ಬರುವ ಗಣಿತ ಶಿಕ್ಷಕರಿಗೂ ನಾವು ನಡೆಸುವ ಅರ್ಧ ದಿನದ ಕಾರ್ಯಕ್ರಮ ಇದು. ವಿಷಯ ಒಂದೇ, ವಿಸ್ತೀರ್ಣ. ‘ಉದ್ದ ಇಂಟು ಅಗಲ’ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಗುಣಿಸಿದಾಗ ಬಂದ ಸಂಖ್ಯೆ ಏನನ್ನು ಎಣಿಸಿತು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅದು ಎಣಿಸಿದ್ದು ಚೌಕಗಳನ್ನು. ಆ ಚೌಕವನ್ನು ನೆಲದ ಮೇಲೆ ತೋರಿಸದೆ ಸೂತ್ರ ಕೊಟ್ಟರೆ ಅದು ಬಾಯಿಪಾಠವಾಗಿಯೇ ಉಳಿಯುತ್ತದೆ. ನಮ್ಮ ಕಡೆ ಅಂಥ ಚೌಕ ಸಿದ್ಧವಾಗಿಯೇ ಇದೆ: ಗುಂಟೆ. 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಅಂಥ 40 ಸೇರಿದರೆ ಒಂದು ಎಕರೆ.

ಆರು ಮಕ್ಕಳ ಗುಂಪಿಗೆ ಬೇಕಾಗುವುದು 33 ಅಡಿಯ ಒಂದು ಹಗ್ಗ, ಸುತ್ತು 36 ಅಡಿ ಬರುವಂತೆ ತುದಿ ಕೂಡಿಸಿದ ಇನ್ನೊಂದು ಹಗ್ಗ, 50 ಅಡಿಯ ಟೇಪು, ನಾಲ್ಕು ಗೂಟ, ಒಂದು ಸೇರು ರಂಗೋಲಿ ಪುಡಿ. ಸುಣ್ಣದ ಪುಡಿ ಬೇಡ, ಗಾಳಿಗೆ ಹಾರಿ ಕಣ್ಣಿಗೆ ಬಿದ್ದರೆ ಅಪಾಯ. ಹಗ್ಗದ ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. ಸಾಮಾನ್ಯ ನೈಲಾನ್ ಹಗ್ಗ ಎಳೆದಂತೆ ಹಿಗ್ಗುತ್ತದೆ. 33 ಅಡಿಗೆ ಅರ್ಧ ಅಡಿ ಹಿಗ್ಗಿದರೆ ಗುಂಟೆಗೆ 33 ಚದರ ಅಡಿ ಹೆಚ್ಚಾಗುತ್ತದೆ. ಉದ್ದದಲ್ಲಿ ನೂರಕ್ಕೆ ಒಂದೂವರೆ ತಪ್ಪು, ವಿಸ್ತೀರ್ಣದಲ್ಲಿ ನೂರಕ್ಕೆ ಮೂರು. (ದೊಡ್ಡ ಮಕ್ಕಳಿಗೆ ಇದೇ ಒಂದು ಒಳ್ಳೆಯ ಲೆಕ್ಕ.) ಇಬ್ಬರು ಬಿಗಿಯಾಗಿ ಎಳೆದು ಹಿಡಿದಾಗ ಟೇಪಿನ ಅಳತೆಗೆ ಸರಿ ಬರುವ ಹಗ್ಗವನ್ನಷ್ಟೇ ಬಳಸಿ. ಗುರುತಿಗೆ ಗಂಟು ಹಾಕಬೇಡಿ, ಗಂಟು ಹಗ್ಗವನ್ನು ತಿನ್ನುತ್ತದೆ. ಬಣ್ಣದ ದಾರ ಬಿಗಿಯಾಗಿ ಸುತ್ತಿದರೆ ಸಾಕು.

ಬಿಸಿಲೇರುವ ಮುಂಚೆ ಅಂಗಳಕ್ಕೆ ಇಳಿಯಬೇಕು. ಮೊದಲು ಯಾವ ಹಗ್ಗವನ್ನೂ ಕೊಡದೆ, ಒಂದು ಗುಂಟೆ ಎಷ್ಟಿರಬಹುದೋ ಅಷ್ಟು ಜಾಗದ ನಾಲ್ಕು ಮೂಲೆಗೆ ನಾಲ್ವರನ್ನು ನಿಲ್ಲಿಸಲು ಹೇಳುತ್ತೇವೆ. ಗುಂಪಿಗೊಂದು ಅಂದಾಜು ಬರುತ್ತದೆ. ಅದನ್ನು ಗೆರೆ ಎಳೆದು ಹಾಗೇ ಬಿಡುತ್ತೇವೆ, ತಿದ್ದುವುದಿಲ್ಲ. ಆಮೇಲೆ ಅಳತೆ. 33 ಅಡಿಯ ಒಂದು ಬದಿ ಎಳೆದು, ಸುತ್ತುಹಗ್ಗವನ್ನು ಮೂರು ಬದಿ 9, 12, 15 ಅಡಿ ಬರುವಂತೆ ಹಾಕಿದ ಗುರುತುಗಳಲ್ಲಿ ಮೂವರು ಹಿಡಿದೆಳೆದರೆ ಮೂಲೆಗೆ ಲಂಬಕೋನ ಸಿಗುತ್ತದೆ. 3, 4, 5 ಅಡಿಯ ಸಣ್ಣ ತ್ರಿಕೋನ ಬಳಸಬಾರದು. ಮೂಲೆಯಲ್ಲಾದ ಸಣ್ಣ ಓರೆ 33 ಅಡಿ ಹೋಗುವಷ್ಟರಲ್ಲಿ ದೊಡ್ಡದಾಗಿಬಿಡುತ್ತದೆ. ನಾಲ್ಕೂ ಬದಿ 33 ಅಡಿ ಬಂದ ಮಾತ್ರಕ್ಕೆ ಚೌಕವಾಯಿತು ಎಂದು ಮಕ್ಕಳು ಸಂಭ್ರಮಿಸುತ್ತಾರೆ. ಅಲ್ಲಿ ತಡೆದು ಎರಡೂ ಕರ್ಣ ಅಳೆಸಿ. ಎರಡೂ 46 ಅಡಿ 8 ಇಂಚು ಬರಬೇಕು. ಒಂದು ಉದ್ದ, ಒಂದು ಗಿಡ್ಡ ಬಂದರೆ ಅದು ಓರೆಯಾದ ಆಕಾರ, ಗುಂಟೆಗಿಂತ ಕಡಿಮೆ.

ಇನ್ನು ಅರ್ಧ ಗುಂಟೆ ಗುರುತಿಸಿ ಎನ್ನಿ. ಬಹಳಷ್ಟು ಗುಂಪುಗಳು 16 ಅಡಿ 6 ಇಂಚಿನ ಚೌಕ ಹಾಕುತ್ತವೆ. ತಪ್ಪು ಎನ್ನುವ ಬದಲು, ಅಂಥ ಚೌಕ ಎಷ್ಟು ಹಿಡಿಯುತ್ತವೆ ನೋಡಿ ಎಂದರೆ ಸಾಕು. ಎರಡಲ್ಲ, ನಾಲ್ಕು. ಮುಂದಿನದು ಆಣೆ. ಗುಂಟೆಗೆ 16 ಆಣೆ ಎಂಬುದು ಹಿರಿಯರ ಬಾಯಲ್ಲಿ ಮಕ್ಕಳು ಕೇಳಿದ್ದಿರುತ್ತದೆ. ಬದಿಯನ್ನು 16 ಪಾಲು ಮಾಡಲು ಹೊರಡುತ್ತಾರೆ, ಸಾಲು ಎಳೆಯುತ್ತಾ ಹೋಗಿ 256 ಚೌಕವಾಗುವುದನ್ನು ಕಂಡು ನಿಲ್ಲುತ್ತಾರೆ. ಬದಿಗೆ ನಾಲ್ಕೇ ಪಾಲು, 8 ಅಡಿ 3 ಇಂಚಿನ ಚೌಕ ಒಂದು ಆಣೆ ಎಂದು ಯಾರಾದರೂ ಕಂಡುಕೊಳ್ಳುವವರೆಗೆ ಶಿಕ್ಷಕರು ಬಾಯಿ ಬಿಡಬಾರದು. ಇಡೀ ಕಾರ್ಯಕ್ರಮದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದೇ. ಇಲ್ಲಿ ಅವಸರ ಮಾಡಿದರೆ ಮುಂದೆ ವರ್ಗ, ವರ್ಗಮೂಲ ಎರಡೂ ಸೊರಗುತ್ತವೆ.

ನೆರಳಿಗೆ ಬಂದ ಮೇಲೆ ಪಹಣಿ, ಅಂದರೆ ಜಮೀನಿನ ವಿಸ್ತೀರ್ಣ ಬರೆದಿರುವ ಸರ್ಕಾರಿ ದಾಖಲೆ. 1-20 ಎಂದರೆ 1 ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ. ಪಹಣಿಯಲ್ಲಿ ನಡುವೆ ಚುಕ್ಕಿ ಇದ್ದರೆ ಮಕ್ಕಳು ಅದನ್ನು 1.2 ಎಂದು ಓದುತ್ತಾರೆ, ಮೊಬೈಲಿನಲ್ಲಿ ಲೆಕ್ಕ ಹಾಕುವ ದೊಡ್ಡವರೂ ಓದುತ್ತಾರೆ. 1-28ಕ್ಕೆ 2-25 ಕೂಡಿಸಿದರೆ 3-53 ಅಲ್ಲ, 40 ದಾಟಿದ್ದರಿಂದ ದಶಕ ಹೋದಂತೆ ಎಕರೆ ಹೋಗಿ 4-13. ಭಾಗಾಕಾರದಲ್ಲಿ ನಷ್ಟ ಎದ್ದು ಕಾಣುತ್ತದೆ. 3 ಎಕರೆ 10 ಗುಂಟೆಯನ್ನು ನಾಲ್ವರಿಗೆ ಹಂಚಿದರೆ 130 ಗುಂಟೆಯಲ್ಲಿ ತಲಾ 32 ಗುಂಟೆ 8 ಆಣೆ. 3.10 ಎಂದು ಓದಿ ಭಾಗಿಸಿದರೆ 0.775 ಎಕರೆ, 31 ಗುಂಟೆ. ತಲೆಗೆ ಒಂದೂವರೆ ಗುಂಟೆ ಖೋತಾ.

ಇಲ್ಲಿ ಒಂದು ಎಚ್ಚರ. ಮಕ್ಕಳಿಗೆ ಮನೆಯ ಪಹಣಿ ತರಲು ಹೇಳಲೇಬೇಡಿ. ಜಮೀನೇ ಇಲ್ಲದ ಮನೆಗಳಿರುತ್ತವೆ, ದಾಯಾದಿ ವ್ಯಾಜ್ಯದ ಮನೆಗಳಿರುತ್ತವೆ. ಲೆಕ್ಕದ ನೆಪದಲ್ಲಿ ಮಗುವೊಂದು ಎಲ್ಲರ ಮುಂದೆ ತಲೆ ತಗ್ಗಿಸುವಂತಾಗಬಾರದು. ನಾವೇ ಬರೆದ ಮಾದರಿ ಹಾಳೆಗಳಷ್ಟೇ ಸಾಕು.

ಶಿಕ್ಷಕರೊಂದಿಗಿನ ಅವಧಿಯಲ್ಲಿ ಓರೆ ಹೊಲಕ್ಕೆ ಹೋಗುತ್ತೇವೆ. ಎದುರುಬದುರು ಬದಿಗಳನ್ನು ಕೂಡಿಸಿ, ಅರ್ಧ ಮಾಡಿ, ಎರಡನ್ನೂ ಗುಣಿಸುವ ಅಂದಾಜು ಬಹಳ ಹಳೆಯದು. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಇದನ್ನು ಸ್ಥೂಲ ಫಲ, ಅಂದರೆ ಒರಟು ಲೆಕ್ಕ ಎಂದೇ ಕರೆದ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ವ್ಯವಹಾರದ ಲೆಕ್ಕ, ಸೂಕ್ಷ್ಮ ಲೆಕ್ಕ ಎಂದು ಬೇರೆ ಮಾಡಿ ಹೇಳುತ್ತದೆ. ಆಯತ ಬಿಟ್ಟು ಬೇರೆ ಯಾವ ಚತುರ್ಭುಜಕ್ಕೂ ಈ ಅಂದಾಜು ಹೆಚ್ಚೇ ತೋರಿಸುತ್ತದೆ. ನಾಲ್ಕು ತೆಂಗಿನ ಕಡ್ಡಿಗಳನ್ನು ಸೈಕಲ್ ವಾಲ್ ಟ್ಯೂಬ್ ತುಂಡುಗಳಿಂದ ಜೋಡಿಸಿ ಪಕ್ಕಕ್ಕೆ ತಳ್ಳಿ: ಬದಿ ಬದಲಾಗದು, ಒಳಗಿನ ಜಾಗ ಮಾತ್ರ ಕರಗುತ್ತಾ ಹೋಗುತ್ತದೆ.

ನೆಲದ ಮೇಲೆ ಮಾಡಲು ಅನುಕೂಲವಾದ ಅಳತೆ: ಎದುರುಬದುರು ಬದಿಗಳ ಒಂದು ಜೋಡಿ ತಲಾ 26 ಅಡಿ, ಇನ್ನೊಂದು ಜೋಡಿ ತಲಾ 30 ಅಡಿ, ಒಂದು ಕರ್ಣ 28 ಅಡಿ. ಕರ್ಣಕ್ಕೆ ಎರಡೂ ಕಡೆಯಿಂದ ಲಂಬ ಅಳೆದರೆ ತಲಾ 24 ಅಡಿ. ಎರಡು ತ್ರಿಕೋನ, ಒಂದೊಂದೂ 336, ಒಟ್ಟು 672 ಚದರ ಅಡಿ. ಒಂಬತ್ತನೇ ತರಗತಿಯವರು ಹೆರಾನ್ ಸೂತ್ರದಿಂದಲೂ ತಾಳೆ ನೋಡಬಹುದು. ಅಂದಾಜು ಕೊಡುವುದು 780. ಇದೇ ಆಕಾರ ಮೂರು ಪಟ್ಟು ಬದಿಯ ಹೊಲವಾದರೆ ವ್ಯತ್ಯಾಸ 972 ಚದರ ಅಡಿ, ಹತ್ತಿರ ಹತ್ತಿರ ಒಂದು ಗುಂಟೆ. ಲಂಬ ಹಿಡಿಯುವಾಗ ಆಗುವ ತಪ್ಪು ಒಂದೇ: ಹಗ್ಗದ ತುದಿಯನ್ನು ಕರ್ಣದ ಮಧ್ಯಕ್ಕೆ ಇಡುವುದು. ಮೂಲೆಯಲ್ಲಿ ಟೇಪು ಹಿಡಿದು ಕರ್ಣದ ಉದ್ದಕ್ಕೂ ಸರಿಸಿ, ಅತಿ ಕಡಿಮೆ ಅಳತೆ ಬರುವ ಜಾಗವೇ ಲಂಬ ಬೀಳುವ ಜಾಗ.

ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನಕ್ಕೆ ಇದನ್ನು ಇಟ್ಟುಕೊಂಡರೆ ಒಂದು ಅನುಕೂಲವಿದೆ. ಭತ್ತದ ಕಟಾವು ಮುಗಿದ ಗದ್ದೆಗಳು ಖಾಲಿ ಇರುತ್ತವೆ, ಒಡೆಯರನ್ನು ಕೇಳಿಕೊಂಡು ನಿಜವಾದ ಬದುಗಳನ್ನೇ ಅಳೆಯಬಹುದು. ನಾಲೆಯ ಕಡೆ ಬದು ಬಾಗಿದ್ದರೆ ನೇರ ಹಗ್ಗ ಕಟ್ಟಿ, ಹತ್ತು ಹತ್ತು ಅಡಿಗೆ ಬದುವಿನವರೆಗೆ ಅಳೆದು, ಅಕ್ಕಪಕ್ಕದ ಎರಡು ಅಳತೆಗಳ ಸರಾಸರಿಯನ್ನು ಹತ್ತರಿಂದ ಗುಣಿಸಿ ಕೂಡಿಸುತ್ತಾ ಹೋಗಿ. ಬಾಗು ಜೋರಾಗಿರುವ ಕಡೆ ಐದು ಅಡಿಗೊಂದು ಅಳತೆ ಬೇಕು.