ವಾರ್‌ಹ್ಯಾಮರ್ ಟೂರ್ನಿಯ ತಂತ್ರಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ವಾರ್‌ಹ್ಯಾಮರ್ 40,000 ಆಟವನ್ನು ಹೊಸದಾಗಿ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಹೊಡೆದಾಟ. ಕೈಯಾರೆ ಬಣ್ಣ ಬಳಿದ ಪುಟ್ಟ ಸೈನಿಕರು, ಟ್ಯಾಂಕ್‌ಗಳು, ಒಂದೇ ಸಲಕ್ಕೆ ಬೊಗಸೆ ತುಂಬ ದಾಳ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಹೊರತಂದ ಆಟ ಇದು. ಇದರ ಟೂರ್ನಿಗಳಲ್ಲಿ ಜಾಸ್ತಿ ಕೊಂದವರು ಸೋಲುವುದೂ ಉಂಟು. ಅಲ್ಲಿ ಎಣಿಸುವುದು ಅಂಕಗಳನ್ನು. ಅಂಕ ಯಾವಾಗ ಸಿಗುತ್ತದೆ ಎಂದು ತಿಳಿದರೆ ಅನುಭವಿಗಳ ವಿಚಿತ್ರ ನಡೆಗಳೂ ಅರ್ಥವಾಗುತ್ತವೆ. 2023ರ ಜೂನ್‌ನಲ್ಲಿ ಬಂದ 10ನೇ ಆವೃತ್ತಿಯ ನಿಯಮಗಳನ್ನು ಇಟ್ಟುಕೊಂಡು ನೋಡೋಣ.

1. ಮೊದಲು ಅಂಕದ ಲೆಕ್ಕ ಹಿಡಿಯಿರಿ

ಟೂರ್ನಿಯಲ್ಲಿ ಸಾಮಾನ್ಯವಾಗಿ ಇಬ್ಬರೂ ತಲಾ 2,000 ಪಾಯಿಂಟ್ ಬೆಲೆಯ ಸೈನ್ಯ ತರುತ್ತಾರೆ. ಮೇಜು 60 ಇಂಚು ಉದ್ದ, 44 ಇಂಚು ಅಗಲ. ಆಟ ಐದು ಸುತ್ತು, ಪ್ರತಿ ಸುತ್ತಿನಲ್ಲಿ ಇಬ್ಬರಿಗೂ ಒಂದೊಂದು ಸರದಿ. ಅಂಕ ಒಟ್ಟು 100. ಆಬ್ಜೆಕ್ಟಿವ್ ಗುರುತುಗಳನ್ನು, ಅಂದರೆ ಮೇಜಿನ ಮೇಲೆ ವಶಪಡಿಸಿಕೊಳ್ಳಬೇಕಾದ ಜಾಗಗಳನ್ನು, ಹಿಡಿಯುವಂಥ ಮುಖ್ಯ ಗುರಿಗೆ 50ರವರೆಗೆ, ಉಪಗುರಿಗಳಿಗೆ 40ರವರೆಗೆ, ಸೈನ್ಯಕ್ಕೆ ಬಣ್ಣ ಬಳಿದಿದ್ದರೆ 10.

ಗಮನಿಸಬೇಕಾದ್ದು ಎಣಿಸುವ ಹೊತ್ತು. ಬಹುತೇಕ ಮಿಷನ್‌ಗಳಲ್ಲಿ ಎರಡನೇ ಸುತ್ತಿನಿಂದ, ನಿಮ್ಮ ಸರದಿಯ ಶುರುವಿನ ಕಮಾಂಡ್ ಹಂತದಲ್ಲೇ ಎಣಿಕೆ ಆಗುತ್ತದೆ. ಅಂದರೆ ಈ ಸರದಿಯಲ್ಲಿ ಓಡಿಹೋಗಿ ಗುರುತಿನ ಮೇಲೆ ನಿಂತರೆ ಸಾಲದು. ಎದುರಾಳಿಯ ಇಡೀ ಸರದಿ ತಡೆದುಕೊಂಡು, ಮುಂದಿನ ಸಲವೂ ಅಲ್ಲೇ ಇರಬೇಕು. ಮುಂದೆ ಹೇಳುವ ತಂತ್ರಗಳೆಲ್ಲ ಹುಟ್ಟಿದ್ದು ಈ ಒಂದು ಕಷ್ಟದಿಂದ.

2. ಓಸಿ ನೋಡಿ ತುಕಡಿ ಆರಿಸಿ

ಗುರುತಿನ 3 ಇಂಚಿನೊಳಗೆ ಯಾರ ಆಬ್ಜೆಕ್ಟಿವ್ ಕಂಟ್ರೋಲ್ (ಗುರುತು ಹಿಡಿಯುವ ಶಕ್ತಿಯ ಅಂಕಿ) ಒಟ್ಟು ಜಾಸ್ತಿಯೋ ಗುರುತು ಅವರದು. ಆಟಗಾರರ ಬಾಯಲ್ಲಿ ಇದು ಓಸಿ. ಸ್ಪೇಸ್ ಮರೀನ್ ಪಡೆಯ ಇಂಟರ್‌ಸೆಸರ್ ಒಬ್ಬನಿಗೆ ಓಸಿ 2, ಐವರಿಗೆ 10. ಅದೇ ಪಡೆಯ ಭಾರೀ ಲ್ಯಾಂಡ್ ರೇಡರ್ ಟ್ಯಾಂಕ್‌ಗೆ ಬರೀ 5. ಟ್ಯಾಂಕ್ ಎಷ್ಟೇ ಅಬ್ಬರಿಸಿದರೂ ಗುರುತು ಆ ಐವರದೇ! ಹಾಗಾಗಿ ಲಿಸ್ಟ್, ಅಂದರೆ ತರುವ ಸೈನ್ಯದ ಪಟ್ಟಿ, ಬರೆಯುವಾಗ ದೊಡ್ಡ ಬಂದೂಕುಗಳಿಗೇ ಎಲ್ಲ ಪಾಯಿಂಟ್ ಸುರಿಯಬೇಡಿ.

3. ಮರೆಯಲ್ಲಿ ಕಾಯಿರಿ

ಪಾಳು ಕಟ್ಟಡಗಳು ದೃಷ್ಟಿ ತಡೆಯುತ್ತವೆ. ಕಾಣದ್ದಕ್ಕೆ ಸಾಮಾನ್ಯವಾಗಿ ಗುಂಡು ಹೊಡೆಯಲಾಗದು. ಅನುಭವಿಗಳು ಮೊದಲ ಸುತ್ತಿನಲ್ಲಿ ಗುಂಡು ಹಾರಿಸುವ ಆಸೆಯನ್ನು ಅದುಮಿಟ್ಟು, ಒಳ್ಳೆಯ ತುಕಡಿಗಳನ್ನು ಗೋಡೆಯ ಹಿಂದೆ ಸಿದ್ಧವಾಗಿಡುತ್ತಾರೆ. ಇದು ಸ್ಟೇಜಿಂಗ್.

ಇದರ ಜೋಡಿ ಟ್ರೇಡಿಂಗ್. ಚದುರಂಗದಲ್ಲಿ ಕಾಲಾಳು ಕೊಟ್ಟು ಕುದುರೆ ಹೊಡೆಯುತ್ತೇವಲ್ಲ, ಹಾಗೆ. 70 ಪಾಯಿಂಟ್‌ನ ತುಕಡಿಯನ್ನು ಗುರುತಿನ ಮೇಲೆ ಬಿಡಿ. ಅದನ್ನು ತೆಗೆಯಲು ಎದುರಾಳಿ 200 ಪಾಯಿಂಟ್‌ನ ತುಕಡಿಯನ್ನು ಬಯಲಿಗೆ ತರಬೇಕಾಗುತ್ತದೆ. ತಂದರೆ ಗೋಡೆಯ ಹಿಂದಿನವರು ಅದರ ಮೇಲೆ ಬೀಳುತ್ತಾರೆ. ತರದಿದ್ದರೆ ಅಂಕ ನಿಮ್ಮದು. ಆದರೆ ಅದನ್ನು ದೂರದಿಂದಲೇ ಸುಡುವ ಬಂದೂಕು ಅವರ ಬಳಿ ಇದೆಯಾ ಎಂದು ಮೊದಲೇ ನೋಡಿ. ಇದ್ದರೆ ಸುಮ್ನೆ 70 ಪಾಯಿಂಟ್ ದಾನ ಮಾಡಿದಂತೆ.

4. ಖಾಲಿ ಜಾಗ ಮುಚ್ಚಿ

ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗುವ ಕಲೆ ಸ್ಕ್ರೀನಿಂಗ್, ಅಂದರೆ ಎದುರಾಳಿಗೆ ಇಳಿಯಲು ಜಾಗ ಬಿಡದಿರುವುದು. ಡೀಪ್ ಸ್ಟ್ರೈಕ್ ಶಕ್ತಿಯ ತುಕಡಿಗಳು ಮೇಜಿನ ಹೊರಗೆ ಕಾದಿದ್ದು, ಸಾಮಾನ್ಯವಾಗಿ ಎರಡನೇ ಸುತ್ತಿನಿಂದ ಇಳಿಯುತ್ತವೆ. ನಿಮ್ಮ ಯಾವ ಗೊಂಬೆಯಿಂದಲೂ 9 ಇಂಚಿಗಿಂತ ಹೆಚ್ಚು ದೂರದಲ್ಲಿ ಇಳಿಯಬೇಕು. ಇಳಿದ ಮೇಲೆ ಚಾರ್ಜ್ ಮಾಡಲು, ಅಂದರೆ ನುಗ್ಗಿ ಕೈಕೈ ಮಿಲಾಯಿಸಲು, ಎರಡು ದಾಳಗಳಲ್ಲಿ ಕನಿಷ್ಠ 9 ಬೀಳಬೇಕು. 36 ಸಾಧ್ಯತೆಗಳಲ್ಲಿ 10, ಅಂದರೆ ಸುಮಾರು ಶೇ 28. ವಿಶೇಷ ನಡೆಗಳಿಗೆ ಖರ್ಚು ಮಾಡುವ ಕಮಾಂಡ್ ಪಾಯಿಂಟ್ ಒಂದನ್ನು ಕೊಟ್ಟು ಮತ್ತೆ ಎಸೆದರೆ ಅವಕಾಶ ಸುಮಾರು ಶೇ 48ಕ್ಕೆ ಏರುತ್ತದೆ. ನಿಮ್ಮ ಅತಿ ಬೆಲೆಬಾಳುವ ತುಕಡಿಯನ್ನು ಇಂಥ ಎಸೆತಕ್ಕೆ ಒಡ್ಡುವುದು ಬೇಡ, ಅಲ್ವಾ?

ಅದಕ್ಕೇ ಅಗ್ಗದ ಗೊಂಬೆಗಳನ್ನು ಹರಡುವುದು. ಒಂದು ಗೊಂಬೆ ತನ್ನ ಸುತ್ತ 9 ಇಂಚನ್ನು ಮುಚ್ಚುತ್ತದೆ. ಎರಡರ ನಡುವೆ 18 ಇಂಚಿದ್ದರೂ ಅವುಗಳ ನಡುವಿನ ನೇರ ಗೆರೆಯ ಮೇಲೆ ಇಳಿಯಲು ಜಾಗವಿಲ್ಲ. ಆದರೆ ಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಸರಿದರೆ ಸಂದು ಸಿಗುತ್ತದೆ, ಅದಕ್ಕೆ ಇನ್ನೂ ಹತ್ತಿರ ಇಡುವುದು ವಾಸಿ. ಮೂಲೆಗಳನ್ನು ಮರೆಯಲೇಬೇಡಿ. ಹೊಸಬರು ನಡುಮೇಜನ್ನೇ ನೋಡುತ್ತಿರುವಾಗ ಹಿಂದಿನ ಮೂಲೆಗೆ ಇಳಿದವರು ಉಪಗುರಿಯ ಅಂಕ ಎತ್ತಿಕೊಂಡು ಹೋಗುತ್ತಾರೆ.

5. ಸ್ಕ್ಯೂ ಲಿಸ್ಟ್ ಬಂದರೆ ಹೆದರಬೇಡಿ

ಕೆಲವರು ಬರೀ ಟ್ಯಾಂಕ್ ತರುತ್ತಾರೆ, ಕೆಲವರು ಕಾಲಾಳುಗಳ ಹಿಂಡನ್ನೇ ತರುತ್ತಾರೆ. ಹೀಗೆ ಒಂದೇ ಬಗೆಯ ತುಕಡಿಗಳಿಂದ ತುಂಬಿದ ಪಟ್ಟಿಯೇ ಸ್ಕ್ಯೂ ಲಿಸ್ಟ್. ನಿಮ್ಮ ಅರ್ಧ ಆಯುಧಗಳು ಕೆಲಸಕ್ಕೆ ಬಾರದಂತೆ ಮಾಡುವುದು ಇದರ ಉದ್ದೇಶ. ಆಗ ಎಲ್ಲವನ್ನೂ ಕೊಲ್ಲುವ ಹಟ ಬಿಡಿ. ಟ್ಯಾಂಕ್ ಪಡೆಗೆ ಓಸಿ ಕಡಿಮೆ ಇರುತ್ತದೆ. ನಾಲ್ಕೈದು ಕಡೆ ಚದುರಿ ಗುರುತು ಹಿಡಿಯಿರಿ. ಹಿಂಡಿನ ಎದುರು ಮಾತ್ರ ಇದು ನಡೆಯದು. ಅಲ್ಲಿ ಒಂದೆರಡು ಗುರುತುಗಳನ್ನು ಆರಿಸಿಕೊಂಡು ಅಲ್ಲಿರುವವರನ್ನಷ್ಟೇ ತೆರವು ಮಾಡಿ.

ಅಭ್ಯಾಸಕ್ಕೆ ದುಬಾರಿ ಗೊಂಬೆಗಳೇ ಬೇಕೆಂದಿಲ್ಲ. ಈ ಆವೃತ್ತಿಯ ಮೂಲ ನಿಯಮಗಳನ್ನು ಕಂಪನಿ ಉಚಿತವಾಗಿಯೇ ಕೊಟ್ಟಿದೆ. ಇಂಟರ್‌ಸೆಸರ್‌ನ ಪೀಠ 32 ಮಿಲಿಮೀಟರ್. ರಟ್ಟಿನಲ್ಲಿ ಅಷ್ಟಗಲದ ಬಿಲ್ಲೆ ಕತ್ತರಿಸಿ, ಅಳತೆ ಟೇಪು ಹಿಡಿದು ಗೆಳೆಯರೊಬ್ಬರ ಜೊತೆ ಕೂತುಕೊಳ್ಳಿ. ಪ್ರತಿ ಸರದಿ ಮುಗಿದಾಗ, ಮುಂದಿನ ಕಮಾಂಡ್ ಹಂತಕ್ಕೆ ಯಾವ ಗುರುತುಗಳು ನಿಮ್ಮ ಕೈಯಲ್ಲೇ ಉಳಿದಿರುತ್ತವೆ ಎಂದು ಊಹಿಸಿ ಚೀಟಿಯಲ್ಲಿ ಬರೆದಿಡಿ. ಊಹೆ ತಪ್ಪಿದಾಗ ಎದುರಾಳಿ ಯಾವ ದಾರಿಯಿಂದ ಬಂದರು ಎಂದು ಅಲ್ಲೇ ನಿಲ್ಲಿಸಿ ನೋಡಿ.