ಓವರ್‌ಕ್ಲಾಕಿಂಗನ್ನು ಈ ಮದರ್‌ಬೋರ್ಡ್ ತಾಳಿಕೊಳ್ಳುತ್ತಾ? ಪರೀಕ್ಷಿಸೋದು ಹೀಗೆ

ಪ್ರೊಸೆಸರ್ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಕರೆಂಟ್ ಕೊಡುವುದು ಮದರ್‌ಬೋರ್ಡ್. ಓವರ್‌ಕ್ಲಾಕ್ ಮಾಡುವ, ಅಂದರೆ ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರ್ ಓಡಿಸುವ ಆಸೆ ಇದ್ದರೆ ಬೋರ್ಡನ್ನು ಅಳೆಯಬೇಕಾದ್ದೂ ಇದರಿಂದಲೇ. ಬಣ್ಣದ ದೀಪ, ಬಾಕ್ಸ್ ಮೇಲಿನ ದಪ್ಪಕ್ಷರ ಎಲ್ಲ ಆಮೇಲೆ.

ಮೊದಲು ಚಿಪ್‌ಸೆಟ್ (ಬೋರ್ಡ್‌ನಲ್ಲಿ ಯಾವ ಸೌಲಭ್ಯ ಸಿಗುತ್ತದೆಂದು ನಿರ್ಧರಿಸುವ ಚಿಪ್) ನೋಡಿ. ಇಂಟೆಲ್‌ನ ‘ಕೆ’ ಪ್ರೊಸೆಸರ್‌ಗಳನ್ನು (ವೇಗ ಏರಿಸಲು ಬಿಡುವಂಥವು, ಹೆಸರಿನಲ್ಲಿ ‘ಕೆ’ ಇರುತ್ತದೆ) ಓವರ್‌ಕ್ಲಾಕ್ ಮಾಡಲು ಜೆಡ್790ರಂಥ ಜೆಡ್ ಸರಣಿಯ ಬೋರ್ಡೇ ಬೇಕು. ಬಿ760ರಲ್ಲಿ ಮೆಮೊರಿಯ ವೇಗ ಏರಿಸಬಹುದು, ಪ್ರೊಸೆಸರ್‌ನ ಮಲ್ಟಿಪ್ಲೈಯರ್ (ಮೂಲ ವೇಗವನ್ನು ಎಷ್ಟು ಪಟ್ಟು ಮಾಡಬೇಕೆಂದು ಹೇಳುವ ಸಂಖ್ಯೆ) ಏರಿಸಲು ಬಿಡುವುದಿಲ್ಲ. ಎಎಂಡಿಯಲ್ಲಿ ಬಿ650 ಆಗಲಿ ಎಕ್ಸ್670 ಆಗಲಿ ನಡೆಯುತ್ತದೆ. ಎ620 ಬೇಡ.

ಅಸಲಿ ವಿಷಯ ವಿಆರ್‌ಎಂ

ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದ್ದು 1.2 ವೋಲ್ಟ್ ಆಸುಪಾಸು. ಹೀಗೆ ಇಳಿಸುವ ಕೆಲಸ ಪ್ರೊಸೆಸರ್ ಕೂರುವ ಸಾಕೆಟ್ ಪಕ್ಕದಲ್ಲಿರುವ ವಿಆರ್‌ಎಂನದು (ವೋಲ್ಟೇಜ್ ರೆಗ್ಯುಲೇಟರ್ ಮಾಡ್ಯೂಲ್). ಪ್ರೊಸೆಸರ್ 1.25 ವೋಲ್ಟ್‌ನಲ್ಲಿ 250 ವಾಟ್ ಎಳೆದರೆ 200 ಆಂಪಿಯರ್ ಕರೆಂಟ್ ಹರಿಯುತ್ತದೆ. ಓವರ್‌ಕ್ಲಾಕ್ ಮಾಡಿದಾಗ ಇದು ಇನ್ನೂ ಏರುತ್ತದೆ. ವಿದ್ಯುತ್ ಖರ್ಚು ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜ್ ಜೊತೆ ಅದರ ವರ್ಗದಷ್ಟು ಏರುತ್ತದೆ. 5 ಗಿಗಾಹರ್ಟ್ಸ್‌ನಿಂದ 5.5ಕ್ಕೆ ಹೋಗಲು ವೋಲ್ಟೇಜನ್ನು 1.2ರಿಂದ 1.35ಕ್ಕೆ ಏರಿಸಿದಿರಿ ಅನ್ನಿ. ಸಿಗುವ ವೇಗ ಶೇ 10 ಜಾಸ್ತಿ, ಖರ್ಚು ಮಾತ್ರ ಹತ್ತಿರ ಹತ್ತಿರ ಶೇ 40 ಜಾಸ್ತಿ!

ಬಾಕ್ಸ್ ಮೇಲೆ ‘16+1+2 ಫೇಸ್’ ಅಂತ ಬರೆದಿರುತ್ತದೆ. ಕರೆಂಟಿನ ಹೊರೆಯನ್ನು ಹಂಚಿಕೊಳ್ಳುವ ವಿಆರ್‌ಎಂನ ಭಾಗಗಳೇ ಫೇಸ್. ಇಷ್ಟಕ್ಕೇ ಮರುಳಾಗಬೇಡಿ. ಸಾಮಾನ್ಯವಾಗಿ ಮೊದಲ ಸಂಖ್ಯೆ ಪ್ರೊಸೆಸರ್ ಕೋರ್‌ಗಳಿಗೆ ಸೇರಿದ್ದು. ಆ 16 ಕೂಡ, 8 ಫೇಸ್‌ಗಳಿಗೆ ಎರಡೆರಡು ಪವರ್ ಸ್ಟೇಜ್ (ಕರೆಂಟ್ ಹಾಯಿಸುವ ಚಿಪ್) ಜೋಡಿಸಿದ್ದಾಗಿರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಒಂದೊಂದು ಸ್ಟೇಜ್ ಎಷ್ಟು ಆಂಪಿಯರ್‌ನದು ಅನ್ನುವುದೇ ಮುಖ್ಯ. 50 ಆಂಪಿಯರ್‌ನ 16 ಸ್ಟೇಜ್‌ಗಳಿಗೂ 90 ಆಂಪಿಯರ್‌ನ 16ಕ್ಕೂ ತುಂಬಾ ವ್ಯತ್ಯಾಸ ಇದೆ. ಚಿಪ್‌ನ ಮಾಡೆಲ್ ಸಂಖ್ಯೆ ಹುಡುಕಿ, ಅದರ ಡೇಟಾಶೀಟ್ ತೆಗೆದು ನೋಡಿ.

16 ಇಂಟು 90 ಅಂದರೆ 1440 ಆಂಪಿಯರ್. ಅಷ್ಟು ಯಾರಿಗೆ ಬೇಕು? ಯಾರಿಗೂ ಬೇಡ. ಆದರೆ 200 ಆಂಪಿಯರ್ ಹೊರೆಯನ್ನು 16 ಸ್ಟೇಜ್ ಹಂಚಿಕೊಂಡರೆ ಒಂದೊಂದರ ಪಾಲಿಗೆ ಬರುವುದು 12.5 ಮಾತ್ರ. ಹೊರೆ ಹಗುರವಾದಷ್ಟೂ ಬಿಸಿ ಕಮ್ಮಿ. ವಿಆರ್‌ಎಂ ಮೇಲಿನ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಭಾಗ) ಬರೀ ಪ್ಲಾಸ್ಟಿಕ್ ಹೊದಿಕೆಯೋ, ಗಾಳಿ ಆಡುವ ಸೀಳುಗಳಿರುವ ಲೋಹವೋ ಅಂತಲೂ ನೋಡಿಕೊಳ್ಳಿ.

ಕೊಳ್ಳುವ ಮುಂಚೆ ಇನ್ನೆರಡು ಮಾತು

ಮೆಮೊರಿಯ ವೇಗವೇ ನಿಮ್ಮ ಗುರಿಯಾದರೆ ಎರಡೇ ಸ್ಲಾಟ್ ಇರುವ ಬೋರ್ಡ್ ಒಳ್ಳೆಯದು. ಮೆಮೊರಿಗೂ ಪ್ರೊಸೆಸರ್‌ಗೂ ನಡುವಿನ ದಾರಿ ಚಿಕ್ಕದಾಗುತ್ತದೆ, ಸಿಗ್ನಲ್ ಶುದ್ಧವಾಗಿರುತ್ತದೆ. ಕ್ಲಿಯರ್ ಸಿಮಾಸ್ ಬಟನ್ (ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡಲು), ಎರಡಂಕಿಯ ಡೀಬಗ್ ಡಿಸ್‌ಪ್ಲೇ (ಬೂಟ್ ಎಲ್ಲಿ ನಿಂತಿತೆಂದು ತೋರಿಸಲು), ಬಯಾಸ್ ಫ್ಲ್ಯಾಶ್‌ಬ್ಯಾಕ್ (ಬೋರ್ಡ್‌ನ ಮೂಲ ಸಾಫ್ಟ್‌ವೇರ್ ಆದ ಬಯಾಸನ್ನು ಸಿಸ್ಟಮ್ ಬೂಟ್ ಆಗದಿದ್ದರೂ ಹಾಕಲು) ಮೂರೂ ಇರಲಿ ಅನ್ನುವುದು ನನ್ನ ಆಸೆ. ಓವರ್‌ಕ್ಲಾಕಿಂಗ್‌ನಲ್ಲಿ ಸಿಸ್ಟಮ್ ಬೂಟ್ ಆಗದೆ ನಿಲ್ಲುವುದು ಮಾಮೂಲು. ಆಗ ಕ್ಯಾಬಿನೆಟ್ ಬಿಚ್ಚಿ ಬ್ಯಾಟರಿ ಕೀಳುವ ಕಷ್ಟ ಯಾಕೆ ಬೇಕು, ಅಲ್ವಾ?

ಕೈಗೆ ಬಂದ ಮೇಲೆ

ಬಯಾಸ್ ಅಪ್‌ಡೇಟ್ ಮಾಡಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್ ಇದ್ದರಂತೂ ಇದನ್ನು ಬಿಡಲೇಬೇಡಿ. ವಿಪರೀತ ವೋಲ್ಟೇಜ್‌ನಿಂದ ಅವು ಅಸ್ಥಿರವಾಗುತ್ತಿದ್ದುದನ್ನು ತಡೆಯಲು 2024ರಲ್ಲಿ ಬಯಾಸ್ ಅಪ್‌ಡೇಟ್ ಮೂಲಕ ಹೊಸ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳು) ಬಂತು. ಬೋರ್ಡ್ ತಾನಾಗಿಯೇ ಪವರ್ ಮಿತಿ ತೆಗೆದುಹಾಕಿದೆಯೇ ಅಂತ ನೋಡಿ. ತೆಗೆದಿದ್ದರೆ ಪ್ರೊಸೆಸರ್ ಕಂಪನಿ ಹೇಳಿದ ಮಿತಿಗೆ ತನ್ನಿ. ಅಳತೆ ಅಲ್ಲಿಂದ ಶುರುವಾಗಲಿ.

ಈಗ ನಿಮ್ಮದೇ ಕ್ಯಾಬಿನೆಟ್‌ನಲ್ಲಿ, ಬಾಗಿಲು ಮುಚ್ಚಿ, ಪ್ರೊಸೆಸರ್ ಮೇಲೆ ಪೂರ್ತಿ ಹೊರೆ ಹಾಕುವ ಸಿನೆಬೆಂಚ್ ಅಥವಾ ಪ್ರೈಮ್95 ಸಾಫ್ಟ್‌ವೇರನ್ನು ಅರ್ಧ ಗಂಟೆ ಓಡಿಸಿ. ಹೊರಗೆ ಮೇಜಿನ ಮೇಲಿಟ್ಟು ತೆಗೆದ ಅಂಕಿಗಳನ್ನು ನಾನು ನಂಬುವುದಿಲ್ಲ. ವಾಟರ್ ಕೂಲರ್ ಹಾಕಿದವರು ಇನ್ನೂ ಎಚ್ಚರವಾಗಿರಿ, ಅಲ್ಲಿ ಸಾಮಾನ್ಯವಾಗಿ ವಿಆರ್‌ಎಂ ಮೇಲೆ ಗಾಳಿ ಬೀಸುವುದು ಕಮ್ಮಿ. ಅದರ ಬಿಸಿ 80–90 ಡಿಗ್ರಿಯಲ್ಲಿ ನಿಂತರೆ ಚಿಂತೆ ಇಲ್ಲ. ನೂರು ದಾಟಿ ಇನ್ನೂ ಏರುತ್ತಿದ್ದರೆ ಆ ಬೋರ್ಡ್‌ನಲ್ಲಿ ಓವರ್‌ಕ್ಲಾಕ್ ಬೇಡ.

ಆಮೇಲೆ ವೋಲ್ಟೇಜ್. ಬಯಾಸ್‌ನಲ್ಲಿ 1.25 ಇಟ್ಟು ಹೊರೆ ಹಾಕಿ, ಎಷ್ಟಕ್ಕೆ ಕುಸಿಯುತ್ತದೆ ಬರೆದುಕೊಳ್ಳಿ. ಈ ಕುಸಿತವನ್ನು ತಗ್ಗಿಸಲೆಂದೇ ಲೋಡ್‌ಲೈನ್ ಕ್ಯಾಲಿಬ್ರೇಷನ್ ಇರುವುದು. ಆದರೆ ಅದನ್ನು ಕೊನೆಯ ಹಂತಕ್ಕೆ ಒಯ್ಯಬೇಡಿ. ಒಯ್ದರೆ ಹೊರೆ ಥಟ್ಟನೆ ಇಳಿದ ಗಳಿಗೆಯಲ್ಲಿ ವೋಲ್ಟೇಜ್ ಇಟ್ಟದ್ದಕ್ಕಿಂತ ಮೇಲಕ್ಕೆ ಜಿಗಿಯುತ್ತದೆ. ಸಾಫ್ಟ್‌ವೇರ್ ಗಮನಿಸದಷ್ಟು ಚುಟುಕಾದ ಈ ಜಿಗಿತವೇ ಪ್ರೊಸೆಸರ್‌ಗೆ ಅಪಾಯ. ಮಧ್ಯದ ಹಂತಗಳನ್ನು ಒಂದೊಂದಾಗಿ ಪರೀಕ್ಷಿಸಿ. ಬೋರ್ಡ್ ಮೇಲೆ ವೋಲ್ಟೇಜ್ ಅಳೆಯುವ ಬಿಂದುಗಳಿದ್ದರೆ ಸಾಫ್ಟ್‌ವೇರ್ ತೋರಿಸುವ ಅಂಕಿಯನ್ನು ಮಲ್ಟಿಮೀಟರ್‌ನ ಅಂಕಿಗೆ ಹೋಲಿಸಿ.

ಮೆಮೊರಿಯನ್ನು ಕೊನೆಗೆ ಬೇರೆಯಾಗಿಯೇ ಪರೀಕ್ಷಿಸಿ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯನ್ನು ಹೆಚ್ಚು ವೇಗಕ್ಕೆ ಏರಿಸುವ ಸಿದ್ಧ ಸೆಟ್ಟಿಂಗ್) ಆನ್ ಮಾಡಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೂರ್ತಿ ಓಡಲಿ. ಒಂದೇ ಒಂದು ಎರರ್ ಬಂದರೂ ವೇಗವನ್ನು ಒಂದು ಹಂತ ಇಳಿಸಿ. ಪಾಸಾದ ಮೇಲೂ ಪವರ್ ತೆಗೆದು, ಬೋರ್ಡ್ ಪೂರ್ತಿ ತಣ್ಣಗಾದ ಮೇಲೆ ಮತ್ತೆ ಆನ್ ಮಾಡಿ. ಬಿಸಿಯಿದ್ದಾಗ ಸಲೀಸಾಗಿ ಓಡಿದ ಮೆಮೊರಿ ತಣ್ಣಗಿನ ಬೂಟ್‌ನಲ್ಲಿ ತಕರಾರು ಮಾಡುವುದುಂಟು. ಹಾಗಾದರೆ ಆಗಲೂ ಒಂದು ಹಂತ ಇಳಿಸಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಿ.